ಮೂರು ದಿನದ ಗೆರೆ

ಮಧ್ಯಾಹ್ನ ಊಟ ಮುಗಿಸಿ ನಮ್ಮ ಜೆ.ಪಿ. ನಗರದ ಮನೆಯ ವರಾಂಡದಲ್ಲಿ ಬೆತ್ತದ ಕುರ್ಚಿಗೆ ಒರಗಿದೆನೆಂದರೆ ನನಗೆ ಪೂರ್ತಿ ನಿದ್ದೆಯೂ ಬರುವುದಿಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ. ಆ ಹೊತ್ತಿನಲ್ಲಿ ಗೆರೆಗಳು ಬರುತ್ತವೆ. ಮೆಲ್ಲಗೆ ಏರುತ್ತವೆ, ಇಳಿಯುತ್ತವೆ, ಸ್ವಲ್ಪ ದೂರ ಸಮವಾಗಿ ಸಾಗಿ ಎಲ್ಲೋ ಕುಸಿಯುತ್ತವೆ. ಕನಕಪುರ ರಸ್ತೆಯ ಬಸ್ಸಿನ ಕಿಟಕಿಯಿಂದ ದೂರದ ಗುಡ್ಡಗಳನ್ನು ನೋಡುವ ಹಾಗೆ ನಾನು ಅವನ್ನು ನೋಡುತ್ತಾ ಕೂತಿರುತ್ತೇನೆ. ಒಂದೊಂದು ಗೆರೆಯ ಹಿಂದೆ ಒಂದೊಂದು ಮಗು. ಎಷ್ಟೋ ಮಕ್ಕಳ ಹೆಸರು ಮರೆತುಹೋಗಿದೆ, ಅವರ ಗೆರೆ ಮರೆತಿಲ್ಲ.

ಜಯನಗರದಲ್ಲಿ ಮಕ್ಕಳ ಸಕ್ಕರೆ ಕಾಯಿಲೆಯ ಒಂದು ಸಣ್ಣ ಕ್ಲಿನಿಕ್ಕಿಗೆ ನರ್ಸ್ ಆಗಿ ಸೇರಿದವಳು ನಾನು, ತಲೆ ನರೆತ ಮೇಲೆ ಅಲ್ಲಿಂದಲೇ ನಿವೃತ್ತಳಾದೆ. ನಡುವೆ ನನ್ನ ಹುದ್ದೆಯ ಹೆಸರು ಒಂದೆರಡು ಸಲ ಬದಲಾಯಿತು, ಕೆಲಸ ಬದಲಾಗಲಿಲ್ಲ. ಇನ್ಸುಲಿನ್ ಚುಚ್ಚುವುದನ್ನು ಮನೆಯವರಿಗೆ ಕಲಿಸುವುದೇ ನನ್ನ ಕೆಲಸ. ಈಚೆಗೆ ಇದೇ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬಂದು, ಆಗ ಎಲ್ಲ ಹೇಗಿತ್ತು ಎಂದು ಕೇಳುತ್ತಾರೆ. ಕಾಫಿ ಕೊಟ್ಟು ಕೂರಿಸಿ ಏನೇನೋ ಹೇಳುತ್ತೇನೆ. ಹೇಳಬೇಕಾದದ್ದು ಅವರು ಗೇಟು ದಾಟಿದ ಮೇಲೆ ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡವರಿಗೆ ವಯಸ್ಸಾದ ಮೇಲೆ ಬರುವ ಸಕ್ಕರೆ ಕಾಯಿಲೆ ಬೇರೆ. ಈ ಮಕ್ಕಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿರುತ್ತದೆ. ಅದನ್ನು ಹೊರಗಿನಿಂದ ದಿನಾ ಚುಚ್ಚಿ ಕೊಡಬೇಕು, ಬದುಕಿರುವ ತನಕ. ಕಡಿಮೆ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರಿ ಮಗು ಬಾಯಾರಿ ಬಾಡುತ್ತದೆ. ಹೆಚ್ಚು ಕೊಟ್ಟರೆ ಸಕ್ಕರೆ ಇಳಿದು ಮಗು ನಿಂತಲ್ಲೇ ಕುಸಿಯುತ್ತದೆ. ಈ ಎರಡರ ನಡುವಿನ ಓಣಿಯಲ್ಲಿ ಮಕ್ಕಳನ್ನು ಕೈಹಿಡಿದು ನಡೆಸಿದ್ದೇ ನನ್ನ ಇಡೀ ಉದ್ಯೋಗ.

ತೊಂಬತ್ತರ ದಶಕದಲ್ಲಿ ನಾವು ನೋಡುತ್ತಿದ್ದದ್ದು ಗೆರೆಯನ್ನಲ್ಲ, ಬಣ್ಣವನ್ನು. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಮಗುವಿನ ಮೂತ್ರದ ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ನೆಮ್ಮದಿ. ಹಸಿರಾದರೆ ಸ್ವಲ್ಪ ಸಕ್ಕರೆ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪು ಬಂತೆಂದರೆ ಮನೆಯಲ್ಲಿ ರಾಮಾಯಣ. ತಿಲಕ್ ನಗರದ ಒಬ್ಬಳು ಪುಟ್ಟ ಹುಡುಗಿ ನಳಿಕೆ ಕಾಯುವ ತನಕ ಕಣ್ಣು ಮುಚ್ಚಿಕೊಂಡು, "ಗಿಳಿ ಬರಲಿ, ಗಿಳಿ ಬರಲಿ" ಎಂದು ಗುನುಗುತ್ತಿದ್ದಳು. ಅವಳ ಮಟ್ಟಿಗೆ ಹಸಿರೇ ದೊಡ್ಡ ಭಾಗ್ಯ, ನೀಲಿಯ ಆಸೆಯನ್ನು ಅವಳು ಇಟ್ಟುಕೊಂಡಿರಲಿಲ್ಲ. ಈಗಲೂ ಮರದಲ್ಲಿ ಗಿಳಿ ಕೂಗಿದರೆ ನನ್ನ ಮೂಗಿಗೆ ಸ್ಪಿರಿಟ್ ವಾಸನೆ ಬರುತ್ತದೆ.

ಇನ್ಸುಲಿನ್ ತಂಪಾಗಿರಬೇಕು. ಆಗ ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಫ್ರಿಜ್ ಇಲ್ಲದ ಮನೆಯವರೇ ಹೆಚ್ಚು. ಅವರಿಗೆಲ್ಲ ಮಡಕೆಯ ಪಾಠ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಮರಳಿನ ನಡುವೆ ಸಣ್ಣ ಕುಡಿಕೆ, ಕುಡಿಕೆಯೊಳಗೆ ಬಾಟಲಿ, ಮೇಲೊಂದು ಒದ್ದೆ ಬಟ್ಟೆ. ನಾನು ಬಿಳೇಕಹಳ್ಳಿಯ ಹಳೇ ಊರಿನವಳು, ಮಡಕೆ ನನಗೆ ಹೊಸದಲ್ಲ. ಆ ಪಾಠ ಮಾಡುವಾಗ ಮಾತ್ರ ನಾನು ಪುಸ್ತಕ ತೆರೆಯುತ್ತಿರಲಿಲ್ಲ. ಎರಡು ಸಾವಿರದ ಇಸವಿ ಕಳೆಯುವ ಹೊತ್ತಿಗೆ ಎಲ್ಲರ ಮನೆಗೂ ಫ್ರಿಜ್ ಬಂತು. ಕ್ಲಿನಿಕ್ಕಿನ ಮೂಲೆಯಲ್ಲಿದ್ದ ನನ್ನ ಪಾಠದ ಮಡಕೆಯಲ್ಲಿ ಯಾರೋ ಮನಿಪ್ಲಾಂಟ್ ನೆಟ್ಟರು.

ಚುಚ್ಚುವುದನ್ನು ಮೊದಲು ಮೋಸಂಬಿಯ ಮೇಲೆ ಕಲಿಸುತ್ತಿದ್ದೆವು. ತಾಯಂದಿರು ಬೇಗ ಕಲಿಯುತ್ತಿದ್ದರು. ಅಪ್ಪಂದಿರು ಮೋಸಂಬಿಗೆ ಚುಚ್ಚುವಾಗ ಶೂರರು, ಮಗುವಿನ ತೊಡೆ ಕಂಡ ಕೂಡಲೇ ಬೆವರುತ್ತಿದ್ದರು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ಗದಗಿನ ಕಡೆಯ ಒಬ್ಬ ಮೇಷ್ಟರು ಸೂಜಿ ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟರು. ಅವರ ಮಗ, ಆರು ವರ್ಷದ ಪೋರ, "ಅಪ್ಪಾ, ನನಗ ಕೊಡು, ನಾನಽ ಹಾಕ್ಕೋತೀನಿ" ಎಂದು ಸಿರಿಂಜಿಗೆ ಕೈಚಾಚಿದ. ಮೇಷ್ಟರಿಗೆ ನಗು ಅಳು ಎರಡೂ ಒಟ್ಟಿಗೆ ಬಂತು, ನನಗೂ ಬಂತು.

ಇನ್ನೊಂದು ಮುಖ್ಯ ಪಾಠವಿತ್ತು, ಮುಂದಿನ ಕಥೆಗೆ ಅದು ಬೇಕು. ನಾವು ಹೆಚ್ಚಾಗಿ ಕೊಡುತ್ತಿದ್ದ ಇನ್ಸುಲಿನ್ ಹಾಲಿನಂತೆ ಬೆಳ್ಳಗಿರುತ್ತದೆ. ಇಟ್ಟಲ್ಲೇ ಇಟ್ಟರೆ ಬೆಳ್ಳಗಿನದು ತಳಕ್ಕೆ ಕೂತು ಮೇಲೆ ನೀರಿನಂತೆ ತಿಳಿಯಾಗುತ್ತದೆ. ಮದ್ದು ಇರುವುದು ತಳದಲ್ಲಿ. ಆದ್ದರಿಂದ ಪ್ರತಿ ಸಲವೂ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಪೂರ್ತಿ ಬೆರೆತ ಮೇಲೆ ಸಿರಿಂಜಿಗೆ ಎಳೆದುಕೊಳ್ಳಬೇಕು. ಇದನ್ನು ನಾನು ತಾಯಂದಿರಿಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಕ್ಲಿನಿಕ್ಕಿಗೆ ಬರುತ್ತಿದ್ದವರು ತಾಯಂದಿರು, ಕಲಿಸುತ್ತಿದ್ದದ್ದೂ ಅವರಿಗೇ.

ನಮ್ಮ ಡಾಕ್ಟರ ಬಗ್ಗೆಯೂ ಹೇಳಬೇಕು. ಕೈಗುಣ ಒಳ್ಳೆಯದು, ನಾಲಿಗೆ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಮಕ್ಕಳಿಗೆ ಸಿಹಿ ಬೇಡ, ಕರಿದದ್ದು ಬೇಡ ಎಂದು ಅರ್ಧ ಗಂಟೆ ಉಪದೇಶ ಮಾಡಿ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮದ್ದೂರು ವಡೆ ತಿನ್ನುತ್ತಿದ್ದರು. ಬಾಗಿಲು ಹಾಕಿದರೂ ಘಮ ನಿಲ್ಲುತ್ತದೆಯೇ? ಹೊರಗೆ ಕೂತ ಮಕ್ಕಳು ಮೂಗರಳಿಸಿ ನನ್ನನ್ನು ನೋಡುತ್ತಿದ್ದವು, ನಾನು ಚಾವಣಿ ನೋಡುತ್ತಿದ್ದೆ. ಆದರೆ ಯಾವ ಮಗು ಯಾವ ಹೊತ್ತಿಗೆ ಫೋನ್ ಮಾಡಿಸಿದರೂ ಎತ್ತುತ್ತಿದ್ದರು. ಅಂಥವರ ಕೈಕೆಳಗೆ ದುಡಿದೆ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಆಮೇಲೆ ಸೆನ್ಸರ್ ಬಂತು.

ಈಗಿನವರಿಗೆ ಇದನ್ನು ವಿವರಿಸುವುದು ಕಷ್ಟ. ಈಗ ಮಗುವಿನ ತೋಳಿನ ಮೇಲೆ ಬಿಲ್ಲೆ ಅಂಟಿಸಿದರೆ ಅಮ್ಮನ ಫೋನಿನಲ್ಲಿ ಸಕ್ಕರೆ ಕಾಣುತ್ತದಂತೆ. ನಮ್ಮ ಮೊದಲ ಯಂತ್ರ ಪೇಜರಿನಷ್ಟು ದೊಡ್ಡದು. ಹೊಟ್ಟೆಯ ಚರ್ಮದೊಳಗೆ ಕೂದಲಿನಂಥ ತಂತಿ, ಅಲ್ಲಿಂದ ಒಂದು ವೈರು, ಆ ವೈರು ಸೊಂಟಕ್ಕೆ ಸಿಕ್ಕಿಸಿದ ಡಬ್ಬಿಗೆ. ಮೂರು ದಿನ ಹಾಕಿಕೊಂಡಿರಬೇಕು. ಆ ಮೂರು ದಿನ ಡಬ್ಬಿ ಎಲ್ಲವನ್ನೂ ನೋಡುತ್ತದೆ, ಏನನ್ನೂ ಹೇಳುವುದಿಲ್ಲ. ದಿನಕ್ಕೆ ಕೆಲವು ಸಲ ಬೆರಳು ಚುಚ್ಚಿ ಮೀಟರಿನಲ್ಲಿ ಬಂದ ಅಂಕಿಯನ್ನು ಅದಕ್ಕೆ ಉಣಿಸಬೇಕು. ಊಟ ಮಾಡಿದರೆ ಒಂದು ಗುಂಡಿ, ಇಂಜೆಕ್ಷನ್ನಿಗೆ ಇನ್ನೊಂದು ಗುಂಡಿ. ನಾಲ್ಕನೇ ದಿನ ಕ್ಲಿನಿಕ್ಕಿಗೆ ತಂದು ಕಂಪ್ಯೂಟರಿಗೆ ಜೋಡಿಸಿದರೆ ಆಗ ಗೆರೆ ಮೂಡುತ್ತದೆ.

ಮಕ್ಕಳಿಗೆ ಹಾಕುವ ಮೊದಲು ನನಗೇ ಹಾಕಿಕೊಂಡೆ. ಸೀರೆಯ ನೆರಿಗೆಯಲ್ಲಿ ಡಬ್ಬಿ. ಬಸ್ಸಿನ ಕಂಡಕ್ಟರು, "ಏನ್ ಮೇಡಂ, ಪೇಜರ್ರಾ? ಡಾಕ್ಟ್ರಾಗ್ಬಿಟ್ರಾ?" ಎಂದು ಹಾಸ್ಯ ಮಾಡಿದ. ಆ ಮೂರು ದಿನ ನಾನು ಒಂದು ಬಗೆಯ ಮಂಪರಿನಲ್ಲಿದ್ದೆ. ಮುದ್ದೆ ನುಂಗುವಾಗ, ಮಗನ ಮೇಲೆ ರೇಗುವಾಗ, ಬಾಳೆಹಣ್ಣು ಸುಲಿಯುವಾಗ, ಯಾವುದೋ ಕಣ್ಣು ನನ್ನ ಒಳಗೆ ಕೂತು ಸುಮ್ಮನೆ ನೋಡುತ್ತಿದೆ ಅನ್ನಿಸುತ್ತಿತ್ತು. ಕೊನೆಗೆ ನನ್ನ ಗೆರೆ ಬಂದಾಗ ಅದು ಹೊಲದ ಬದುವಿನ ಹಾಗೆ ಸಪ್ಪೆಯಾಗಿ ಮಲಗಿತ್ತು. ಕಾಯಿಲೆಯಿಲ್ಲದವರ ಗೆರೆ ಹಾಗೇ ಇರುತ್ತದೆ. ಮಕ್ಕಳ ಗೆರೆಗಳನ್ನು ನೋಡತೊಡಗಿದ ಮೇಲೆಯೇ ನನ್ನ ಸಪ್ಪೆ ಗೆರೆಯ ಬೆಲೆ ನನಗೆ ತಿಳಿದದ್ದು.

ಒಬ್ಬ ಅಪ್ಪ ಮಗಳ ಗೆರೆ ನೋಡಿ ಅದು ಹೃದಯದ್ದೆಂದು ತಿಳಿದು ಅತ್ತುಬಿಟ್ಟರು. ಬನಶಂಕರಿಯ ಒಬ್ಬ ಹುಡುಗನ ಗೆರೆಯಲ್ಲಿ ದಿನಾ ಸಂಜೆ ಒಂದು ತುಂಡು ಖಾಲಿ ಬರುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ನಾವು ತಲೆಕೆಡಿಸಿಕೊಂಡೆವು. ಅವನು ಕಾಲು ಆಡಿಸುತ್ತಾ ಕೂತಿದ್ದವನು ಕೊನೆಗೆ, "ಅದು ಕ್ರಿಕೆಟ್ಟು ಆಂಟಿ" ಎಂದ. ಬೌಲಿಂಗಿಗೆ ಅಡ್ಡಿಯಾಗುತ್ತದೆಂದು ವೈರು ಕಿತ್ತು ಡಬ್ಬಿಯನ್ನು ಸ್ಟಂಪಿಗೆ ನೇತುಹಾಕುತ್ತಿದ್ದನಂತೆ.

ಈ ಯಂತ್ರದ ಮುಂದೆ ಮನೆಗಳು ನಡೆದುಕೊಳ್ಳುತ್ತಿದ್ದ ರೀತಿಯೇ ಒಂದು ಚೆಂದ. ಹೆಣ್ಣು ನೋಡಲು ಬರುತ್ತಾರೆಂದರೆ ಮನೆಯನ್ನು ಹೇಗೆ ಗುಡಿಸಿ ಸಾರಿಸಿ ಇಡುತ್ತಾರೋ ಹಾಗೆ. ಆ ಮೂರು ದಿನ ಹೊತ್ತಿಗೆ ಸರಿಯಾಗಿ ತಿಂಡಿ, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್, ಜಗಳವಿಲ್ಲ, ನೆಂಟರಿಲ್ಲ. ಯಾವಾಗ ಹಾಕೋಣ ಎಂದು ಕೇಳಿದರೆ ಪ್ರತಿ ತಾಯಿಯೂ ಒಂದು ಕ್ಷಣ ಲೆಕ್ಕ ಹಾಕಿ ತನಗೆ ಅನುಕೂಲವಾದ ವಾರ ಹೇಳುತ್ತಿದ್ದಳು. ಆ ಲೆಕ್ಕ ಏನೆಂದು ನಾನು ಬಹಳ ಕಾಲ ಕೇಳಲೇ ಇಲ್ಲ. ನಮ್ಮದು ಬೌದ್ಧರ ಮನೆ. ನಮ್ಮಮ್ಮ ಕೂಲಿಗೆ ಹೋಗುತ್ತಿದ್ದವರು, ತಿಂಗಳಿಗೆ ಮೂರು ದಿನ ಹೊರಗೆ ಕೂತಿದ್ದರೆ ನಮ್ಮ ಒಲೆ ಹತ್ತುತ್ತಿರಲಿಲ್ಲ. ಹಾಗಾಗಿ ಅಂಥ ಲೆಕ್ಕ ನನ್ನ ತಲೆಗೆ ಹೊಳೆಯಲೂ ಇಲ್ಲ.

ಸಿಂಧು ನಮ್ಮಲ್ಲಿಗೆ ಬರುತ್ತಿದ್ದ ಹತ್ತು ವರ್ಷದ ಹುಡುಗಿ. ಬನಶಂಕರಿ ಎರಡನೇ ಹಂತದಲ್ಲಿ ಮನೆ. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು, ಅಮ್ಮ ಉಷಾ, ಮತ್ತೆ ಅಪ್ಪನ ತಾಯಿ ರುಕ್ಮಿಣಮ್ಮ. ಸಿಂಧು ಮಾತು ಕಡಿಮೆ, ಓಟ ಜಾಸ್ತಿ. ಶಾಲೆಯ ಖೋಖೋ ತಂಡದಲ್ಲಿ ಅವಳಿದ್ದರೆ ಗೆಲುವು ಎನ್ನುತ್ತಿದ್ದರು. ಉಷಾ ನಾನು ಕಲಿಸಿದವರಲ್ಲೇ ಅಚ್ಚುಕಟ್ಟಿನ ತಾಯಿ. ಬಾಟಲಿ ಉರುಳಿಸುವಾಗ ಅವರ ಬಾಯಿ ದೇವರ ನಾಮದಂತೆ ಎಣಿಸುತ್ತಿತ್ತು.

ಅಂಥ ಮನೆಯ ಮಗು ಶಾಲೆಯಲ್ಲಿ ಬೀಳತೊಡಗಿತು. ಪ್ರಾರ್ಥನೆಯಲ್ಲಿ ಒಂದು ಸಲ, ಮೈದಾನದಲ್ಲಿ ಒಂದು ಸಲ. ಮೂರನೇ ಸಲ ಮೆಟ್ಟಿಲ ಮೇಲೆ ಬಿದ್ದು ಗಲ್ಲ ಸೀಳಿ ಹೊಲಿಗೆ ಹಾಕಬೇಕಾಯಿತು. ಮುಖ್ಯೋಪಾಧ್ಯಾಯಿನಿ ಅಪ್ಪನನ್ನು ಕರೆಸಿ, ಆಟ ಇವತ್ತಿಗೇ ಬಂದ್, ಇನ್ನೊಂದು ಸಲ ಬಿದ್ದರೆ ಟಿ.ಸಿ. ತೆಗೆದುಕೊಂಡು ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದುಬಿಟ್ಟರು. ವಿಚಿತ್ರವೆಂದರೆ, ಬೀಳುವ ಕೆಲವು ದಿನಗಳ ಮುಂಚೆ ಮಗುವಿಗೆ ವಿಪರೀತ ಬಾಯಾರಿಕೆ. ಅಂದರೆ ಸಕ್ಕರೆ ಮೊದಲು ಏರುತ್ತದೆ, ಆಮೇಲೆ ಕುಸಿಯುತ್ತದೆ. ಅಪ್ಪ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು, ಹುಡುಗಿ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಿದ್ದಾಳೆ ಎಂದು. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಜ್ಜಿ ದೃಷ್ಟಿ ತೆಗೆಸಿದ್ದರು. ಡಾಕ್ಟರು ಉಷಾ ಅವರ ಲೆಕ್ಕವೇ ತಪ್ಪಿರಬೇಕು ಎಂದರು. ಸಿಂಧುವನ್ನು ಕೇಳಿದರೆ ಗಲ್ಲದ ಹೊಲಿಗೆ ಸವರಿಕೊಂಡು ನೆಲ ನೋಡುತ್ತಿದ್ದಳು.

ಸೆನ್ಸರ್ ಹಾಕಿದೆವು. ದಿನ ಆರಿಸಿದ್ದು ಉಷಾ. ನಾಲ್ಕನೇ ದಿನ ಬಂದ ಗೆರೆ ಎಷ್ಟು ಒಪ್ಪವಾಗಿತ್ತೆಂದರೆ, ಡಾಕ್ಟರು ಅದನ್ನು ಗೋಡೆಗೆ ಅಂಟಿಸಿ ಬೇರೆ ತಾಯಂದಿರಿಗೆ ತೋರಿಸಿದರು. ಮಾರನೇ ತಿಂಗಳು ಮಗು ಮನೆಯಲ್ಲೇ ಎಚ್ಚರ ತಪ್ಪಿತು. ಅದೃಷ್ಟಕ್ಕೆ ಅಂದು ಭಾನುವಾರ, ಶಾಲೆಗೆ ಗೊತ್ತಾಗಲಿಲ್ಲ. ನಾನು ಆ ಗೋಡೆಯ ಗೆರೆಯ ಮುಂದೆ ನಿಂತು ಬಹಳ ಹೊತ್ತು ನೋಡಿದೆ. ನೀನು ನೋಡದೆ ಹೋದದ್ದು ಏನು ಎಂದು ಅದನ್ನೇ ಕೇಳಬೇಕು ಅನ್ನಿಸಿತು.

ಮತ್ತೊಮ್ಮೆ ಹಾಕೋಣ ಎಂದೆ. ಇದ್ದದ್ದು ಒಂದೇ ಯಂತ್ರ, ಸರದಿಯ ಮೇಲೆ ಸಿಗುತ್ತಿತ್ತು. ಸಿಂಧುವಿನ ಸರದಿ ಬಂದ ದಿನ ಉಷಾ ಫೋನ್ ಮಾಡಿ, ಈ ವಾರ ಬರಲಾಗುವುದಿಲ್ಲ, ಮುಂದಿನ ವಾರ ಕೊಡಿ ಎಂದರು. ಮುಂದಿನ ವಾರ ಬೇರೆ ಮಗುವಿಗೆ ಹೇಳಿಯಾಗಿದೆ, ಮನೆಯಲ್ಲಿ ಇನ್ಯಾರಿದ್ದರೂ ಸರಿ ಕರೆದುಕೊಂಡು ಬರಲಿ ಎಂದೆ. ಮಧ್ಯಾಹ್ನ ರುಕ್ಮಿಣಮ್ಮ ಮೊಮ್ಮಗಳ ಕೈಹಿಡಿದು ಬಂದರು. ಕೆಂಪಂಚಿನ ಹತ್ತಿ ಸೀರೆ, ಹಣೆತುಂಬ ಕುಂಕುಮ, ಕಂಕುಳಲ್ಲಿ ಹಣ್ಣಿನ ಚೀಲ. ಬರುವವರೆಲ್ಲ ಕೂರುವ ಬೆಂಚನ್ನು ಸೆರಗಿನಿಂದ ಒರೆಸಿ ಕೂತರು.

"ಸೊಸೆ ಹೊರಗೆ ಕೂತಿದಾಳೆ ಕಣಮ್ಮಾ. ಈ ಮೂರು ದಿನ ಅಡುಗೆನೂ ನಂದೇ, ಇಂಜೆಕ್ಷನ್ನೂ ನಂದೇ" ಎಂದರು.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಮಗುವಿಗೆ ಸೆನ್ಸರ್ ಹಾಕಿದೆ. ಬೆರಳು ಚುಚ್ಚುವುದು, ಗುಂಡಿ ಒತ್ತುವುದು ಎಲ್ಲ ಸಿಂಧುವೇ ಕಲಿತಿದ್ದಳು. ಅಜ್ಜಿ ಮೊಮ್ಮಗಳು ಬನಶಂಕರಿ ಬಸ್ಸು ಹತ್ತಿ ಹೋದರು.

ಸೆನ್ಸರ್ ತೆಗೆಸಲು ಬೆಳಗಿನ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಬಾಗಿಲಿನ ಮೇಲಿನ ಹೊಂಗೆ ಮರದಿಂದ ಹೂವು ಉದುರುತ್ತಿತ್ತು, ಕ್ಲಿನಿಕ್ಕಿನ ಒಳಗೆಲ್ಲ ಎಳೆಬಿಸಿಲು. ತಿಂಡಿಯ ಡಬ್ಬಿ ತಂದಿದ್ದರು. ತಿಂಡಿಗೆ ಮುಂಚೆ ಇಂಜೆಕ್ಷನ್ ಆಗಬೇಕಲ್ಲ, ರುಕ್ಮಿಣಮ್ಮ ಅಲ್ಲೇ ಕೊಡುತ್ತೇನೆಂದು ಫ್ಲಾಸ್ಕಿನಿಂದ ಬಾಟಲಿ ತೆಗೆದರು. ಎರಡು ಬೆರಳಲ್ಲಿ ತೆಗೆದು, ತುಳುಕದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈಕಟ್ಟಿ ಕೂತರು. ನಾನು ಅವರು ಏನು ಕಾಯುತ್ತಿದ್ದಾರೆಂದು ನೋಡುತ್ತಾ ನಿಂತೆ. ಸಿಂಧು ನನ್ನನ್ನು ನೋಡುತ್ತಿದ್ದಳು. ಬಾಟಲಿಯೊಳಗಿನ ಬಿಳುಪು ಮೆಲ್ಲಗೆ, ಬಹಳ ಮೆಲ್ಲಗೆ, ತಳಕ್ಕೆ ಇಳಿಯಿತು. ಆ ದೃಶ್ಯ ಈಗಲೂ ನನ್ನ ಮಧ್ಯಾಹ್ನಗಳಲ್ಲಿ ಬರುತ್ತದೆ, ಹೊರಗೆ ಹೂವೂ ಒಳಗೆ ಬಿಳುಪೂ ಒಂದೇ ನಿಧಾನದಲ್ಲಿ ಬೀಳುತ್ತಿರುತ್ತವೆ.

ಆಮೇಲೆ ಅವರು ಬಾಟಲಿಯನ್ನು ಅಲುಗಿಸದೆ ಓರೆ ಮಾಡಿ, ಸೂಜಿಯ ತುದಿಯನ್ನು ಮೇಲಿನ ತಿಳಿಗಷ್ಟೇ ತಾಗಿಸಿ, ಲೆಕ್ಕಕ್ಕೆ ಸರಿಯಾಗಿ ಎಳೆದುಕೊಂಡರು. ಸಿರಿಂಜಿನಲ್ಲಿದ್ದದ್ದು ನೀರಿನಷ್ಟು ತಿಳಿ.

"ಯಾಕಮ್ಮಾ ಹೀಗೆ?" ಎಂದೆ.

"ಗಷ್ಟು ಮಗೂ ಮೈಯೊಳಗೆ ಯಾಕಮ್ಮ ಹೋಗ್ಬೇಕು? ಉಷಾ ಕಲಕಿಬಿಟ್ಟು ಎಲ್ಲಾ ಹಾಕ್ತಾಳೆ, ಅವಸರದವಳು. ನಾನು ಹಾಗಲ್ಲ. ಎಷ್ಟ್ ಹೊತ್ತಾದ್ರೂ ಕಾದು ತಿಳೀನೇ ತೆಗೀತೀನಿ."

ಎಷ್ಟು ಪ್ರೀತಿಯಿಂದ ಹೇಳಿದರು! ಜನ್ಮವಿಡೀ ಸಾರಿನ ತಿಳಿ, ತುಪ್ಪದ ತಿಳಿ, ಹುಣಿಸೆರಸದ ತಿಳಿ ತೆಗೆದ ಕೈ ಅದು. ತಳದಲ್ಲಿ ಕೂರುವುದೆಲ್ಲ ಕಸ ಎಂದು ಆ ಕೈಗೆ ಗೊತ್ತು. ಹೊರಗೆ ಚಾಪೆಯ ಮೇಲೆ ಕೂತ ಉಷಾ ಪ್ರತಿ ಸಲವೂ ಅಲ್ಲಿಂದಲೇ, ಉರುಳಿಸಿ ಅತ್ತೆ ಎಂದು ಕೂಗಿ ಹೇಳುತ್ತಿದ್ದರಂತೆ. ಅಡುಗೆಮನೆಯೊಳಗೆ ಆಗುತ್ತಿದ್ದದ್ದು ಅವರಿಗೆ ಕಾಣುತ್ತಿರಲಿಲ್ಲ.

ಇವತ್ತು ನಾನು ಕೊಡುತ್ತೇನೆಂದು ಬಾಟಲಿ ಇಸಿದುಕೊಂಡು, ಹೊಸ ಸಿರಿಂಜು ತೆಗೆದು, ಸಿಂಧುವನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ. ಬಾಟಲಿಯನ್ನು ಅಂಗೈಯಲ್ಲಿ ಉರುಳಿಸುವಾಗ ಅವಳು ನನ್ನ ಸೆರಗು ಹಿಡಿದಳು.

"ಅಜ್ಜಿಗೆ ಹೇಳ್ಬೇಡಿ ಆಂಟಿ."

ಅವಳಿಗೆ ಗೊತ್ತಿತ್ತು. ಅಮ್ಮ ಉರುಳಿಸುವುದೂ ಅಜ್ಜಿ ಉರುಳಿಸದೆ ಇರುವುದೂ, ಅಜ್ಜಿಯ ದಿನಗಳಲ್ಲಿ ತನಗೆ ಬಾಯಿ ಒಣಗುವುದೂ, ಎಲ್ಲ ಗೊತ್ತಿತ್ತು. ಸಕ್ಕರೆ ಕದಿಯುತ್ತೀಯಾ ಎಂದು ಅಪ್ಪ ರೇಗಿದಾಗಲೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಎಂದು ಕೇಳಿದೆ.

"ಗೊತ್ತಾದ್ರೆ ಅಜ್ಜಿ ಇಂಜೆಕ್ಷನ್ ಕೊಡೋದೇ ಬಿಟ್ಬಿಡ್ತಾರೆ. ಅಜ್ಜಿ ಕೊಟ್ರೆ ನೋಯೋದೇ ಇಲ್ಲ" ಎಂದಳು.

ಅಷ್ಟರಲ್ಲಿ ಡಾಕ್ಟರು ಬಂದರು. ಕಂಪ್ಯೂಟರಿನಲ್ಲಿ ಗೆರೆ ಮೂಡಿತು. ಮೂರು ದಿನವೂ ಮೇಲೆ, ಇಳಿಯುವ ಮಾತೇ ಇಲ್ಲ. ಗೋಡೆಯ ಮೇಲಿನ ಹಳೆಯ ಗೆರೆಯನ್ನು ಕಿತ್ತು ತಂದು ಪಕ್ಕಕ್ಕೆ ಹಿಡಿದು, "ಅಪ್ಪ ಹೇಳಿದ್ದೇ ಸರಿ. ಹುಡುಗಿ ತಿಂತಿದಾಳೆ" ಎಂದರು. ಸಿಂಧು ನೆಲ ನೋಡಿದಳು. ಆಗ ನನಗೆ ಸುಮ್ಮನಿರಲು ಆಗಲಿಲ್ಲ. ನಡೆದದ್ದನ್ನು ಅವರಿಗೆ ಮೆಲುದನಿಯಲ್ಲಿ ಹೇಳಿದೆ. ಮೂರು ದಿನ ಅಜ್ಜಿಯ ಕೈಯಲ್ಲಿ ತಿಳಿ ಹೋಗಿ ಸಕ್ಕರೆ ಏರುತ್ತದೆ. ಬಾಟಲಿಯಲ್ಲಿ ಮದ್ದು ಹಾಗೇ ಉಳಿದು ಗಟ್ಟಿಯಾಗುತ್ತದೆ. ನಾಲ್ಕನೇ ದಿನದಿಂದ ಉಷಾ ಅದೇ ಬಾಟಲಿಯನ್ನು ಒಪ್ಪವಾಗಿ ಉರುಳಿಸಿ ಕೊಡುತ್ತಾರೆ, ಅಷ್ಟೇ ಅಳತೆಯಲ್ಲಿ ಮದ್ದು ಹೆಚ್ಚಾಗಿ ಹೋಗುತ್ತದೆ, ಮಗು ಬೀಳುತ್ತದೆ. ತಪ್ಪು ಒಂದು ಕೈಯದು, ಬೀಳುವುದು ಇನ್ನೊಂದು ಕೈಯ ದಿನಗಳಲ್ಲಿ.

ಡಾಕ್ಟರ ಮುಖ ಕೆಂಪಾಯಿತು. "ಈ ಕಾಲದಲ್ಲೂ ಹೊರಗೆ ಕೂರಿಸೋದು ಅಂದ್ರೆ..." ಎಂದು ಎದ್ದರು. ಇಷ್ಟು ವರ್ಷದ ಕೆಲಸದಲ್ಲಿ ಅದೊಂದೇ ಸಲ ನಾನು ಅವರನ್ನು ಗದರಿದ್ದು. ನೀವು ಒಳಗೆ ಹೋಗಿ ವಡೆ ತಿನ್ನಿ ಸಾರ್, ಇದು ನನಗಿರಲಿ ಎಂದೆ. ಅವರು ನಿಜವಾಗಿಯೂ ಒಳಗೆ ಹೋದರು.

ರುಕ್ಮಿಣಮ್ಮನ ಮುಂದೆ ಬಾಟಲಿ ಇಟ್ಟು ಕೂತೆ. ಅದು ಮತ್ತೆ ತಿಳಿಯಾಗುತ್ತಿತ್ತು. "ಅಮ್ಮಾ, ಹುಳಿ ಮಾಡ್ತೀರಲ್ಲ, ಬೇಳೆ ಎಲ್ಲಿ ಕೂತ್ಕೊಳ್ಳತ್ತೆ?" ಎಂದು ಕೇಳಿದೆ.

"ತಳದಲ್ಲಿ."

"ಕಲಕದೇ ಮೇಲಿಂದು ಬಡಿಸಿದ್ರೆ ಮೊದಲ ಪಂಕ್ತಿಯವರಿಗೆ ಏನು ಸಿಗತ್ತೆ?"

ಅವರು ಬಾಟಲಿಯನ್ನೇ ನೋಡಿದರು. ಕೊನೆಯ ಪಂಕ್ತಿಯವರಿಗೆ ಏನು ಸಿಗುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ, ಮಗುವಿನ ಗಲ್ಲದ ಹೊಲಿಗೆಯ ಗುರುತಿನ ಮೇಲೆ ಅವರ ಕಣ್ಣು ಹೋಯಿತು.

"ನಾನು ಇವಳಿಗೆ ನೀರು ಚುಚ್ತಿದ್ನಾ?" ಎಂದರು.

ಸಿಂಧು ಹೋಗಿ ಅವರ ಮಡಿಲಲ್ಲಿ ತಲೆ ಇಟ್ಟಳು. ಅಜ್ಜಿಯ ಕಣ್ಣಿಂದ ನೀರು ಇಳಿಯಿತು. ನನಗೂ ತಡೆಯಲಾಗಲಿಲ್ಲ, ಹೋಗಿ ಕಿಟಕಿಯ ಹತ್ತಿರ ನಿಂತೆ.

ಆಮೇಲೆ ಅವರು ಹಟ ಹಿಡಿದರು. ಇನ್ನು ತಾನು ಸೂಜಿ ಮುಟ್ಟುವುದಿಲ್ಲ, ಕಣ್ಣೂ ಮಂಜು, ಉಷಾಳೇ ಕೊಡಲಿ. ಆದರೆ ಉಷಾ ಆ ಮೂರು ದಿನ ಅಡುಗೆಮನೆಗೆ ಬರುವ ಹಾಗಿಲ್ಲ, ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ಅಲ್ಲೇ ದೇವರ ಗೂಡು. ಪದ್ಧತಿ ಬಿಡಿ ಎಂದು ಹೇಳಲು ನನಗೆ ಬಾಯಿ ತುರಿಸಿತು. ಹೇಳಿದ್ದರೆ ಅವರು ಮರ್ಯಾದೆಗೆ ಹೂಂ ಅಂದು ಹೋಗಿ, ಮತ್ತೆ ಕ್ಲಿನಿಕ್ಕಿನ ಕಡೆ ತಲೆ ಹಾಕುತ್ತಿರಲಿಲ್ಲ. ಮೂಲೆಯಲ್ಲಿದ್ದ ಮನಿಪ್ಲಾಂಟಿನ ಮಡಕೆ ಕಣ್ಣಿಗೆ ಬಿತ್ತು. ನಾನು ಎಷ್ಟೋ ವರ್ಷದ ಹಿಂದಿನ ಮಡಕೆಯ ಪಾಠವನ್ನು ಮತ್ತೆ ಮಾಡಿದೆ. ಮಡಕೆ ನಡುಮನೆಯಲ್ಲೇ ಇರಲಿ, ಉಷಾ ಕೂರುವ ಚಾಪೆಯ ಪಕ್ಕ. ರುಕ್ಮಿಣಮ್ಮ ಕಣ್ಣೊರೆಸಿಕೊಂಡು, ಮರಳು ಎಷ್ಟು, ದಿನಕ್ಕೆ ಎಷ್ಟು ಸಲ ನೀರು ಎಂದು ಕೇಳಿದರು. ಹೋಗುವಾಗ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಇಳಿದು ತಾವೇ ತಟ್ಟಿ ನೋಡಿ ಮಡಕೆ ಕೊಂಡರಂತೆ.

ಮುಂದಿನ ತಿಂಗಳು ಮನೆಗೆ ಹೋಗಿ ನೋಡಿದೆ. ನಡುಮನೆಯ ಮೂಲೆಯಲ್ಲಿ ಮಡಕೆ, ಅದರ ಹೊಟ್ಟೆಗೆ ಅರಿಶಿನ ಕುಂಕುಮ. ಉಷಾ ಚಾಪೆಯ ಮೇಲೆ. ಮಡಕೆಯಿಂದ ಬಾಟಲಿ ತೆಗೆದು, ಉರುಳಿಸಿ, ಅವರೇ ಮಗಳಿಗೆ ಇಂಜೆಕ್ಷನ್ ಕೊಟ್ಟರು. ಅಮ್ಮನನ್ನು ಮುಟ್ಟಿದ ಮಗಳು ಶಾಲೆಗೆ ಹೊರಡುವ ಮುನ್ನ ಬಟ್ಟೆ ಬದಲಿಸಿಕೊಂಡರೆ ಸಾಕು ಎಂದು ಅಜ್ಜಿ ಹೊಸ ಕಾಯಿದೆ ಮಾಡಿದ್ದರು. ರುಕ್ಮಿಣಮ್ಮ ನನಗೆ ಕಾಫಿ ಲೋಟವನ್ನು ಕೈಗೇ ಕೊಟ್ಟರು. ಸೊಸೆಯ ಲೋಟವನ್ನು ಮಾತ್ರ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಉಷಾ ಬಾಗಿ ಎತ್ತಿಕೊಂಡರು. ಮದುವೆಯಾದ ಲಾಗಾಯ್ತು ಎತ್ತಿಕೊಂಡ ಅಭ್ಯಾಸ, ಅವರ ಮುಖದಲ್ಲಿ ಏನೂ ಕಾಣಲಿಲ್ಲ. 

ಸಿಂಧು ಶಾಲೆಯಲ್ಲಿ ಮತ್ತೆ ಬೀಳಲಿಲ್ಲ. ಟಿ.ಸಿ.ಯ ಮಾತು ನಿಂತಿತು. ಮಾರನೇ ವರ್ಷ ಖೋಖೋ ಆಡಲೂ ಬಿಟ್ಟರು. ಅಪ್ಪ ಸಕ್ಕರೆ ಡಬ್ಬಿಯ ಬೀಗ ತೆಗೆದರು, ಮಗಳ ಹತ್ತಿರ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅಂದಿನಿಂದ ನಮ್ಮ ಕ್ಲಿನಿಕ್ಕಿನಲ್ಲಿ ಹೊಸ ಕ್ರಮ ಬಂತು. ಸೆನ್ಸರನ್ನು ಅನುಕೂಲದ ದಿನಕ್ಕಷ್ಟೇ ಹಾಕುವುದಿಲ್ಲ, ಅನಾನುಕೂಲದ ದಿನಕ್ಕೂ ಹಾಕುತ್ತೇವೆ. ಮತ್ತು ಆ ಮನೆಯಲ್ಲಿ ಸೂಜಿ ಮುಟ್ಟುವ ಕೈಗಳೆಲ್ಲ ಒಂದು ಸಲವಾದರೂ ನನ್ನ ಮುಂದೆ ಮಾಡಿ ತೋರಿಸಬೇಕು. ಹುಡುಗಿಯರೇ, ಯಂತ್ರ ಎಷ್ಟು ಚೆನ್ನಾಗಿದ್ದರೂ ಇದನ್ನು ಬಿಡಬೇಡಿ.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ ರುಕ್ಮಿಣಮ್ಮನ ಫೋನ್ ಬಂತು. ಸಿಂಧು ದೊಡ್ಡವಳಾಗಿದ್ದಾಳೆ, ನೀವೊಂದು ಸಲ ಬಂದು ಹೋಗಿ, ಅವಳ ಇಂಜೆಕ್ಷನ್ ಅವಳೇ ತಗೋಬೇಕು, ಸರಿಯಾಗಿ ಮಾಡುತ್ತಾಳೋ ಇಲ್ಲವೋ ನೋಡಬೇಕು ಎಂದರು. ಹೋದೆ. ಅದೇ ನಡುಮನೆ, ಅದೇ ಮೂಲೆ, ಮಡಕೆ ಹಳೆಯದಾಗಿ ಪಾಚಿಗಟ್ಟಿತ್ತು. ಚಾಪೆಯ ಮೇಲೆ ಸಿಂಧು, ಹೊಸ ಲಂಗ ಉಟ್ಟು, ಮುಖ ಊದಿಸಿಕೊಂಡು. ಉಷಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು.

ರುಕ್ಮಿಣಮ್ಮ ಸ್ನಾನ ಮಾಡಿ ಮಡಿಯುಟ್ಟು ಬಂದರು. ಮಡಕೆಯ ಮುಂದೆ ಕಷ್ಟಪಟ್ಟು ಕೂತು, ತಾವೇ ಬಾಟಲಿ ತೆಗೆದರು. ಆ ಹಳೆಯ ಕೈಗಳ ನಡುವೆ ಅದನ್ನು ಉರುಳಿಸತೊಡಗಿದರು, ಎಣಿಸುತ್ತಾ, ಸೊಸೆ ಎಣಿಸುತ್ತಿದ್ದ ಹಾಗೆಯೇ. ಬಿಳುಪು ಮೇಲೆದ್ದು ಇಡೀ ಬಾಟಲಿ ಹಾಲಾಯಿತು. ನಾವೆಲ್ಲ ಅವರು ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾರೆಂದು ಕಾದೆವು. ಸಿಂಧು ಎತ್ತಿಕೊಳ್ಳಲು ಬಾಗಿಯೂ ಇದ್ದಳು.

ಅವರು ಕೆಳಗಿಡಲಿಲ್ಲ. ಮೊಮ್ಮಗಳ ಕೈ ಹಿಡಿದೆಳೆದು, ಬಾಟಲಿಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಕೆಳಗಿಟ್ರೆ ಮತ್ತೆ ಮದ್ದು ತಳಕ್ಕೆ ಕೂತ್ಕೊಳ್ಳತ್ತೆ" ಎಂದರು, ನನ್ನ ಕಡೆಗಾಗಲೀ ಸೊಸೆಯ ಕಡೆಗಾಗಲೀ ನೋಡದೆ.

ಉಷಾ ಬಾಗಿಲಲ್ಲೇ ನಿಂತಿದ್ದರು. ಅಷ್ಟು ವರ್ಷ ನೆಲದಿಂದ ಲೋಟ ಎತ್ತಿಕೊಂಡ ತಮ್ಮ ಕೈಯನ್ನು ಇನ್ನೊಂದು ಕೈಯಿಂದ ಸುಮ್ಮನೆ ಸವರಿಕೊಳ್ಳುತ್ತಿದ್ದರು. ಸಿಂಧು ಇಂಜೆಕ್ಷನ್ ತೆಗೆದುಕೊಂಡಳು. ರುಕ್ಮಿಣಮ್ಮ ಮತ್ತೆ ಸ್ನಾನಕ್ಕೆ ಏಳುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಏಳಲಿಲ್ಲ. ಚಾಪೆಯನ್ನು ಸ್ವಲ್ಪ ಎಳೆದು ಮೊಮ್ಮಗಳ ಪಕ್ಕದಲ್ಲೇ ಕೂತು, "ಉಷಾ, ನಮ್ಮಿಬ್ಬರಿಗೂ ತಿಂಡಿ ಇಲ್ಲಿಗೇ ತಾಮ್ಮ" ಎಂದರು.